ಬೂದನಿಗೊಂದು ಜೊತೆ

ಜನವರಿ ೧೯, ಭಾನುವಾರ

ಮೊಲದ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಯಾರಿಗಾದರೂ ಹೇಳಿದರೆ ನಕ್ಕುಬಿಟ್ಟಾರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗುರುವಾರ ಬೆಣ್ಣೆ ಸತ್ತಿತು. ಮನೆಯಲ್ಲಿದ್ದ ಎರಡು ಮೊಲಗಳಲ್ಲಿ ಬಿಳಿಯದು, ಹೆಣ್ಣು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋಯಿತು. ಈಗ ಉಳಿದಿರುವುದು ಬೂದ ಒಂದೇ. ಬೂದಿ ಬಣ್ಣದ ಗಂಡು. ನಮಗೆಲ್ಲ ಬೆನ್ನು ತೋರಿಸಿ, ಗೋಡೆಯ ಕಡೆ ಮುಖ ಮಾಡಿ ಕುಳಿತುಬಿಟ್ಟಿದೆ.

ಇಂದು ಬೆಳಿಗ್ಗೆ ಹಾಲಿನ ಲೋಟ ಹಿಡಿದು ಹುಡುಗಿಯ ಕೋಣೆಗೆ ಹೋದೆ. ಬಾಗಿಲು ಅರೆ ತೆರೆದಿತ್ತು. ಅವಳು ನೆಲದ ಮೇಲೆ ಬೋರಲು ಮಲಗಿ ಬೂದನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಜಾಗ ಬದಲಾಯಿಸಿದ್ದಾಳಂತೆ. ಕಾರಣ ಹೇಳಲಿಲ್ಲವಂತೆ. "ನಾನೇನೂ ಅಳಲಿಲ್ಲ ಕಣೋ. ಕಣ್ಣಲ್ಲಿ ನೀರು ಬಂತು ಅಷ್ಟೆ." ಹತ್ತು ವರ್ಷದ ಹುಡುಗಿ ಮೊಲಕ್ಕೆ ಹೇಳುವ ಮಾತು ಇದು. ನಾನು ಬಾಗಿಲು ತಳ್ಳಿದೆ. ಮಾತು ಕತ್ತರಿಸಿದಂತೆ ನಿಂತಿತು.

"ಥ್ಯಾಂಕ್ಸ್ ಆಂಟಿ. ಅಲ್ಲಿಡಿ."

ಇಟ್ಟೆ. ಬಂದೆ.

ಈ ಮನೆಗೆ ಮದುವೆಯಾಗಿ ಬಂದು ಎಂಟು ತಿಂಗಳಾಯಿತು. ಮಲತಾಯಿಯನ್ನು ಕೆಲವು ಮನೆಗಳಲ್ಲಿ ಚಿಕ್ಕಮ್ಮ ಎನ್ನುತ್ತಾರೆ. ಆ ಜಾಗ ಇಲ್ಲಿ ಮೊದಲೇ ಭರ್ತಿಯಾಗಿದೆ, ಅವಳ ಅಮ್ಮನ ತಂಗಿ ಇದ್ದಾಳೆ. ಅಮ್ಮ ಎನ್ನುವ ಜಾಗದ ಮಾತಂತೂ ಎತ್ತುವ ಹಾಗೇ ಇಲ್ಲ. ಉಳಿದದ್ದು ಆಂಟಿ. ಮೇಲಿನ ಮಹಡಿಯವರೂ ಆಂಟಿ, ಮೂಲೆ ಅಂಗಡಿಯವರೂ ಆಂಟಿ, ನಾನೂ ಆಂಟಿ.

ಬೂದನಾದರೋ ಬರೀ ಕಿವಿ ಅಲ್ಲಾಡಿಸಿ ಕೂತಿದ್ದಕ್ಕೆ ಅವಳ ಮನಸ್ಸಿನಲ್ಲಿದ್ದದ್ದೆಲ್ಲ ಸಿಕ್ಕಿತು.

ಜನವರಿ ೨೩, ಗುರುವಾರ

ಬೂದ ಮೇವು ಮುಟ್ಟುತ್ತಿಲ್ಲ. ನಿನ್ನೆ ಹಾಕಿದ ಒಣಹುಲ್ಲು ಹಾಗೇ ಇತ್ತು. ಲ್ಯಾಬಿಗೆ ಅರ್ಧ ದಿನ ರಜೆ ಹೇಳಿ, ಹುಡುಗಿಯನ್ನು ಶಾಲೆಯಿಂದ ಕರೆದುಕೊಂಡು, ಬೂದನನ್ನು ಬುಟ್ಟಿಯಲ್ಲಿಟ್ಟು ಪಶುವೈದ್ಯೆಯ ಹತ್ತಿರ ಹೋದೆವು. ಇವರು ಬರಲಿಲ್ಲ. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದರಂತೆ. ಲಿಫ್ಟ್ ರಿಪೇರಿಯವರನ್ನು ಕಟ್ಟಿಕೊಂಡರೆ ಹೀಗೇ. ಊರಿನವರನ್ನೆಲ್ಲ ಮೇಲೆತ್ತುತ್ತಾರೆ, ಹೆಂಡತಿ ಮಾತ್ರ ಮೆಟ್ಟಿಲು ಹತ್ತಬೇಕು.

ವೈದ್ಯೆ ಹೊಟ್ಟೆ ಒತ್ತಿ ನೋಡಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು. ಅದನ್ನು ನಾನೂ ಬಗ್ಗಿ ನೋಡಿದೆ. ಬೇರೆಯವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವುದೇ ನನ್ನ ಕೆಲಸವಾದ್ದರಿಂದ ಯಾರೇ ಬಾಯಿ ತೆರೆದರೂ ಸುಮ್ಮನಿರಲಾಗುವುದಿಲ್ಲ.

"ಕಾಯಿಲೆ ಏನೂ ಇಲ್ಲ. ಒಂಟಿಯಾಗಿದೆ. ಮೊಲದ ಹೊಟ್ಟೆ ಸದಾ ಓಡ್ತಾನೇ ಇರಬೇಕು, ನಿಂತರೆ ಜೀವಕ್ಕೇ ಅಪಾಯ. ಸದ್ಯಕ್ಕೆ ಸಿರಿಂಜಲ್ಲಿ ಗಂಜಿ ಥರ ಕಲಸಿ ಕುಡಿಸಿ. ಆದಷ್ಟು ಬೇಗ ಒಂದು ಜೊತೆ ಹುಡುಕಿ."

"ಬೇಡ," ಅಂದಳು ಹುಡುಗಿ.

"ಯಾಕೆ ಪುಟ್ಟ?"

"ಬೆಣ್ಣೆ ಜಾಗಕ್ಕೆ ಯಾರೂ ಬರೋದು ಬೇಡ."

ಆ ಎರಡು ಮೊಲಗಳನ್ನು ತಂದುಕೊಟ್ಟವಳು ಅವಳು. ಈ ಮನೆಯಲ್ಲಿ 'ಅವಳು' ಎಂದರೆ ಯಾರೆಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆಗೆ ಸೇರುವ ಮುಂಚೆ, ಮಗಳಿಗೆ ಆಡಿಕೊಳ್ಳಲು ಇರಲೆಂದು ತಂದಿದ್ದಂತೆ. ಅವಳು ಹೋಗಿ ಮೂರು ವರ್ಷ.

ವೈದ್ಯೆ ನನ್ನ ಕಡೆ ತಿರುಗಿ ಕೇಳಿದರು. "ನೀವು ತಾಯಿನಾ?"

ಹುಡುಗಿ ಬುಟ್ಟಿಯ ಮುಚ್ಚಳ ನೋಡುತ್ತಿದ್ದಳು. "ಮೊಲ ಅವಳದು," ಅಂದೆ. ಕೇಳಿದ್ದೇನು, ಹೇಳಿದ್ದೇನು. ಆ ಹೊತ್ತಿಗೆ ಬಾಯಿಗೆ ಬಂದದ್ದು ಅಷ್ಟೇ.

ಜನವರಿ ೨೬, ಭಾನುವಾರ

ಭಾನುವಾರ ಎಂದರೆ ಹುಡುಗಿಯ ಚಿಕ್ಕಮ್ಮನ ದಿನ. ಗಂಟೆ ಬಾರಿಸುವ ಮೊದಲೇ ಹೆಜ್ಜೆ ಸಪ್ಪಳ ಗುರುತಿಸಿ ಹುಡುಗಿ ಬಾಗಿಲಿಗೆ ಓಡುತ್ತಾಳೆ. ಆಕೆ ಬಂದವಳೇ ಅಡಿಗೆಮನೆಗೆ ಹೋಗಿ, ಕಪಾಟು ತೆರೆದು, ತಾನೇ ಚಹಾ ಮಾಡಿಕೊಳ್ಳುತ್ತಾಳೆ. ಸಕ್ಕರೆ ಡಬ್ಬಿ ಹಳೆಯ ಜಾಗದಲ್ಲಿ ಸಿಗದಿದ್ದರೆ ಒಂದು ಉಸಿರು ಬಿಡುತ್ತಾಳೆ. ಆ ಉಸಿರು ನನಗೆ ಬೆಂಕಿ ಇಟ್ಟ ಹಾಗೆ.

ಮೊಲದ ವಿಷಯ ಬಂತು. "ಇನ್ನೊಂದು ಯಾಕೆ? ಪಾಪ, ಅದನ್ನ ಅದರ ಪಾಡಿಗೆ ಬಿಡಿ. ಎಲ್ಲದಕ್ಕೂ ಬದಲಿ ಹುಡುಕೋಕಾಗುತ್ತಾ?"

ಹೇಳಿದ್ದು ಇವರಿಗೆ. ನೋಡಿದ್ದು ನನ್ನನ್ನು. ಇವರು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು.

ಅಲ್ಲಿಯವರೆಗೆ ನನಗೂ ಇನ್ನೊಂದು ಮೊಲ ಬೇಕೆಂದೇನೂ ಇರಲಿಲ್ಲ. ಗುಡಿಸುವವಳು ನಾನು ತಾನೇ. ಆದರೆ ಆ ಕ್ಷಣದಲ್ಲಿ ನಿಶ್ಚಯಿಸಿಬಿಟ್ಟೆ. ಹುಡುಕುತ್ತೇನೆ. ಹುಡುಕಿಯೇ ಹುಡುಕುತ್ತೇನೆ.

ಇವರಿಗೆ ಹೇಳಿದರೆ, "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ನಕ್ಕರು. ಇಲ್ಲಿರುವ ಮೊಲಕ್ಕೆ ನಾಲ್ಕೂ ಕಾಲಿವೆ. ನನ್ನ ಕಡೆಗೆ ಮಾತ್ರ ಒಂದೂ ಎತ್ತಿಡುವುದಿಲ್ಲ.

ಜನವರಿ ೩೦, ಗುರುವಾರ

ಸಿರಿಂಜ್ ಹಿಡಿದರೆ ಹುಡುಗಿಯ ಕೈ ನಡುಗುತ್ತದೆ. ಹಾಗಾಗಿ ನಾನೇ ಕುಡಿಸುತ್ತೇನೆ, ಅವಳು ಬೂದನನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿರುತ್ತಾಳೆ. ಬೆಳಿಗ್ಗೆ ನನ್ನ ಹೆಬ್ಬೆರಳು ಕಚ್ಚಿತು. ಅವಳನ್ನು ಒಮ್ಮೆಯೂ ಕಚ್ಚಿಲ್ಲ. ಅದಕ್ಕೂ ಗೊತ್ತು.

ಫೆಬ್ರವರಿ ೨, ಭಾನುವಾರ

ಊರಾಚೆ ನಿವೃತ್ತ ನರ್ಸ್ ಒಬ್ಬರಿದ್ದಾರೆ, ಜನ ಬಿಟ್ಟುಹೋದ ಮೊಲಗಳನ್ನು ಸಾಕುತ್ತಾರೆ ಎಂದು ವೈದ್ಯೆ ಹೇಳಿದ್ದರು. ಇವತ್ತೇ ಹೋಗುವುದೆಂದು ಹಟ ಹಿಡಿದೆ. ಭಾನುವಾರವೇ ಯಾಕೆ ಎಂದು ಇವರು ಕೇಳಿದರು. ಭಾನುವಾರ ರಜೆ ಅಂದೆ. ಚಿಕ್ಕಮ್ಮ ಬಂದು ಮುಚ್ಚಿದ ಬಾಗಿಲು ನೋಡಿಕೊಂಡು ಹೋಗಲಿ ಎಂದು ಹೇಳಲಿಲ್ಲ.

ನರ್ಸಮ್ಮನ ಕಾರು ನಿಲ್ಲುವ ಜಾಗದಲ್ಲಿ ಈಗ ಕಾರಿಲ್ಲ, ಸಾಲು ಸಾಲು ಗೂಡುಗಳಿವೆ. ಎಲ್ಲವೂ ತೊಳೆದಿಟ್ಟ ವಾರ್ಡಿನ ಹಾಗೆ. ಆಕೆ ಮಾತನಾಡುವುದೂ ಹಾಗೇ.

"ಗಂಡಿಗೆ ಆಪರೇಷನ್ ಆಗಿದೆಯಾ? ಸರಿ. ನಮ್ಮ ಹೆಣ್ಣುಗಳಿಗೂ ಆಗಿದೆ. ಕೂತ್ಕೊಳ್ಳಿ. ನೀವು ಯಾರೂ ಆರಿಸೋ ಹಾಗಿಲ್ಲ. ಅವನು ಆರಿಸ್ತಾನೆ."

ಹುಡುಗಿ ಕೈಕಟ್ಟಿ, ಮುಖ ಊದಿಸಿ, ಬಾಗಿಲ ಬಳಿ ನಿಂತಳು. ನೆಲದ ಮೇಲೆ ಚಾಪೆ ಹಾಸಿ ಸುತ್ತ ಬೇಲಿ ಇಟ್ಟು ಬೂದನನ್ನು ಬಿಟ್ಟರು.

ಮೊದಲು ಬಂದದ್ದು ಬಿಳಿಯದು. ಹತ್ತಿಯ ಉಂಡೆಯಂಥ ಚೆಲುವೆ. ಇದೇ ಆಗಲಿ ಎಂದುಕೊಂಡೆ. ಅದು ಬೂದನ ಮೇಲೆ ಹಾರಿ ಒಂದು ಹಿಡಿ ರೋಮ ಕಿತ್ತಿತು. ಎರಡನೆಯದು ಕಪ್ಪು. ಅದೂ ಬೂದನೂ ಬಾಡಿಗೆದಾರರ ಹಾಗೆ ಒಂದೊಂದು ಮೂಲೆ ಹಿಡಿದು ಕುಳಿತವು. ಮೂರನೆಯದು ಕಂದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದಿದೆ, ಮೂಗಿನ ಮೇಲೆ ಹಳೆಯ ಗಾಯದ ಕಲೆ. ಅದು ಬೂದನ ಕಡೆ ನೋಡಲೂ ಇಲ್ಲ. ಇದ್ದಲ್ಲೇ ಕುಳಿತು ಮುಖ ತೊಳೆದುಕೊಂಡು ಒಣಹುಲ್ಲು ಜಗಿಯತೊಡಗಿತು. ಬೂದ ಬಹಳ ಹೊತ್ತು ನೋಡಿತು. ಆಮೇಲೆ ಮೆಲ್ಲಗೆ ಸರಿದು ಬಂದು, ಅದೇ ಹುಲ್ಲಿನ ಇನ್ನೊಂದು ತುದಿಯನ್ನು ಬಾಯಿಗೆ ಹಾಕಿಕೊಂಡಿತು.

ಹುಡುಗಿಯ ಕೈಕಟ್ಟು ಬಿಚ್ಚಿತು. ಇಷ್ಟು ದಿನದಲ್ಲಿ ಅದು ತಾನಾಗಿ ತಿಂದದ್ದು ಅದೇ ಮೊದಲು.

"ಇದೇ," ಅಂದರು ನರ್ಸಮ್ಮ.

"ಇದು ಚೆನ್ನಾಗಿಲ್ಲ," ಅಂದಳು ಹುಡುಗಿ.

"ಸಂಸಾರ ಮಾಡೋನು ಅವನಮ್ಮ, ನೀನಲ್ಲ."

ನನಗೂ ಅದು ಹಿಡಿಸಲಿಲ್ಲ. ಒಳ್ಳೆಯ ಬಿಳಿ ಮೊಲ ತಂದು ಆ ಚಿಕ್ಕಮ್ಮನ ಮುಂದೆ ಇಡಬೇಕೆಂದಿದ್ದೆ.

ತರುವಾಗ ನರ್ಸಮ್ಮ ಬೆರಳೆತ್ತಿ ಹೇಳಿದರು. "ತಗೊಂಡು ಹೋಗಿ ನೇರವಾಗಿ ಅವನ ಕೋಣೆಗೆ ಬಿಟ್ಟೀರಿ ಜೋಕೆ. ಅದು ಅವನ ರಾಜ್ಯ, ಸೀಳಿಹಾಕಿಬಿಡ್ತಾನೆ. ಮೊದಲು ಬೇರೆ ಬೇರೆ ಗೂಡು, ಅಕ್ಕಪಕ್ಕ. ಇವನ ಬಟ್ಟೆ ಅವಳಿಗೆ, ಅವಳ ಬಟ್ಟೆ ಇವನಿಗೆ, ವಾಸನೆ ಗೊತ್ತಾಗಲಿ. ಆಮೇಲೆ ಇಬ್ಬರದ್ದೂ ಅಲ್ಲದ ಜಾಗದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಭೇಟಿ. ಅವಸರ ಮಾಡಿದ್ರೆ ಕೆಟ್ಟಿತು."

ನನಗೂ ಯಾರಾದರೂ ಹೀಗೆ ಮೊದಲೇ ಹೇಳಬಾರದಿತ್ತೇ!

ಫೆಬ್ರವರಿ ೫, ಬುಧವಾರ

ಹೊಸಬಳ ಗೂಡನ್ನು ಬೂದನ ಗೂಡಿನ ಪಕ್ಕ ಇಟ್ಟೆ. ಲ್ಯಾಬಿನಿಂದ ಬರುವಷ್ಟರಲ್ಲಿ ಮಧ್ಯೆ ಒಂದು ದಪ್ಪ ಬೆಡ್‌ಶೀಟ್ ಇಳಿಬಿದ್ದಿತ್ತು. ತೆಗೆದೆ. ಊಟ ಮುಗಿಸಿ ನೋಡಿದರೆ ಮತ್ತೆ ಬಿದ್ದಿದೆ. ತೆಗೆದೆ. ಬೆಳಿಗ್ಗೆ ಮತ್ತೆ. ಹಾಕುತ್ತಿದ್ದದ್ದು ಹುಡುಗಿ, ತೆಗೆಯುತ್ತಿದ್ದದ್ದು ನಾನು.

ಹೊಸಬಳಿಗೆ ಇದ್ಯಾವುದರ ಪರಿವೆಯೂ ಇಲ್ಲ. ಕೊಟ್ಟದ್ದನ್ನು ತಿಂದು, ಕಾಲು ಚಾಚಿ ಮಲಗುತ್ತದೆ. ನಾನು ಬಂದ ಮೊದಲ ವಾರ ಈ ಮನೆಯಲ್ಲಿ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದಕ್ಕೆ ಮಾನಮರ್ಯಾದೆ ಇಲ್ಲ.

ಫೆಬ್ರವರಿ ೯, ಭಾನುವಾರ

ಇಬ್ಬರದ್ದೂ ಅಲ್ಲದ ಜಾಗ ಎಂದರೆ ಈ ಮನೆಯಲ್ಲಿ ಬಚ್ಚಲುಮನೆ ಒಂದೇ. ನೆಲ ಒರೆಸಿ ಒಣಗಿಸಿ, ಹಳೆಯ ಕಂಬಳಿ ಹಾಸಿ, ಎರಡನ್ನೂ ಬಿಟ್ಟೆವು. ಇವರ ಗಾತ್ರಕ್ಕೆ ಅಲ್ಲಿ ಜಾಗವಿಲ್ಲದ್ದರಿಂದ ನಾನು ಮತ್ತು ಹುಡುಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಗೋಡೆಗೆ ಒರಗಿ ಕುಳಿತೆವು.

ಮೊದಲು ಚೆನ್ನಾಗಿಯೇ ಇದ್ದವು. ಆಮೇಲೆ ಬೂದ ಅಟ್ಟಿಸಿಕೊಂಡು ಹೋಯಿತು, ಹೊಸಬಳು ತಿರುಗಿಬಿದ್ದಳು, ಎರಡೂ ಬುಗುರಿಯಂತೆ ಸುತ್ತಿದವು. ರೋಮ ಗಾಳಿಯಲ್ಲಿ ಹಾರಾಡಿತು. "ಆಂಟಿ! ಆಂಟಿ ಏನಾದ್ರೂ ಮಾಡಿ!" ನಾನು ಬರಿಗೈ ಹಾಕಿದೆ. ಹಾಕಬಾರದಿತ್ತು. ಮಣಿಕಟ್ಟಿನ ಹತ್ತಿರ ಆಳವಾಗಿಯೇ ಬಿತ್ತು ಹಲ್ಲು.

ಎರಡನ್ನೂ ಗೂಡಿಗೆ ಸೇರಿಸಿದ ಮೇಲೆ ಹುಡುಗಿ ಔಷಧದ ಡಬ್ಬಿ ತಂದಳು. "ಕೈ ಕೊಡಿ." ಬ್ಯಾಂಡೇಜು ಸುತ್ತುತ್ತಿರುವಾಗ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. "ನಿಮ್ಮ ತಲೆ ತುಂಬ ಕೂದಲು. ಮೊಲದ್ದು." ಕನ್ನಡಿಯಲ್ಲಿ ನೋಡಿದರೆ ನಿಜವೇ, ಮುದುಕಿಯಂತೆ ಕಾಣುತ್ತಿದ್ದೆ.

ಆಗಲೇ ಚಿಕ್ಕಮ್ಮನ ಫೋನು. ಇವತ್ತು ಬರಲಾಗುವುದಿಲ್ಲ, ಜ್ವರ ಎಂದು. ಹುಡುಗಿ "ಆಮೇಲೆ ಮಾಡ್ತೀನಿ ಚಿಕ್ಕಮ್ಮ, ಈಗ ಕೆಲಸ ಇದೆ," ಎಂದು ಇಟ್ಟುಬಿಟ್ಟಳು.

ಜ್ವರ ಬಂದವರಿಗೆ ಹಾಗೆ ಹೇಳಬಾರದು. ಆದರೂ ರಾತ್ರಿ ಊಟ ನನಗೆ ಯಾಕೋ ರುಚಿಯಾಗಿತ್ತು.

ಫೆಬ್ರವರಿ ೧೩, ಗುರುವಾರ

ಈಗ ದಿನವೂ ಸಂಜೆ ಬಚ್ಚಲುಮನೆಯ ಬೈಠಕ್. ಅವಳು ಶಾಲೆಯಿಂದ, ನಾನು ಲ್ಯಾಬಿನಿಂದ ಬಂದ ಕೂಡಲೇ. ಮೊಲಗಳು ಈಗ ಒಂದನ್ನೊಂದು ಅಟ್ಟಿಸುವುದಿಲ್ಲ, ಆದರೆ ಮುಟ್ಟುವುದೂ ಇಲ್ಲ. ನಡುವೆ ಒಂದು ಮೊಳ ಜಾಗ. ನಾವು ಕಾಯುತ್ತಾ ಕೂರುತ್ತೇವೆ.

ಹುಡುಗಿ ಮೊಲಗಳಿಗೆ ಏನೇನೋ ಹೇಳುತ್ತಿರುತ್ತಾಳೆ. ಜಾಗ ಬದಲಾಯಿಸಿದ ಆ ಗೆಳತಿ ಈಗ ಬೇರೆಯವಳ ಜೊತೆಯೂ ಜಗಳವಾಡಿದ್ದಾಳಂತೆ. ಗಣಿತದ ಮೇಷ್ಟ್ರು ಸೀನಿದರೆ ಕಪ್ಪುಹಲಗೆಯ ಮೇಲಿನ ಲೆಕ್ಕ ಅಳಿಸಿಹೋಗುತ್ತದಂತೆ. ನಾನು ಹಲ್ಲಿನ ಸೆಟ್ಟನ್ನು ಅಪ್ಪಿತಪ್ಪಿ ತಲೆಕೆಳಗಾಗಿ ಜೋಡಿಸಿ ಲ್ಯಾಬಿನ ಯಜಮಾನರಿಂದ ಬೈಸಿಕೊಂಡ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳು ಮಾತನಾಡುವುದು ಮೊಲಗಳ ಜೊತೆ. ನಾನು ಅಲ್ಲೇ ಇರುತ್ತೇನೆ ಅಷ್ಟೆ.

ಫೆಬ್ರವರಿ ೧೮, ಮಂಗಳವಾರ

ಇವತ್ತು ಬೂದ ಆ ಒಂದು ಮೊಳ ದಾಟಿ ಬಂದು, ಹೊಸಬಳ ಮುಂದೆ ತಲೆ ತಗ್ಗಿಸಿ ನೆಲಕ್ಕೆ ಗಲ್ಲ ಊರಿತು. ಅದು ಒಂದು ಕ್ಷಣ ನೋಡಿ, ಬೂದನ ಹಣೆ ನೆಕ್ಕಿತು. ಕಣ್ಣು ನೆಕ್ಕಿತು. ಕಿವಿಯ ಬುಡ ನೆಕ್ಕಿತು.

"ನೆಕ್ಕಿದಳು! ಆಂಟಿ, ಅವಳು ನೆಕ್ಕಿದಳು!" ಹುಡುಗಿ ನನ್ನ ತೋಳು ಹಿಡಿದು ಅಲುಗಾಡಿಸಿದಳು. ಇಷ್ಟು ದಿನ ಹುಡುಗಿಗೆ 'ಅದು' ಆಗಿದ್ದದ್ದು ಇವತ್ತು 'ಅವಳು' ಆಯಿತು. ಆಮೇಲೆ ಆ ಜೋತುಬಿದ್ದ ಕಿವಿಯನ್ನು ಸವರಿ, "ನೀನು ಒಳ್ಳೆಯವಳು ಕಣೆ," ಅಂದಳು.

ನನಗೆ ಸಂತೋಷವಾಗಬೇಕಿತ್ತು. ಹುಡುಕಿ ತಂದವಳು ನಾನು. ಆದರೆ ಎದೆಯಲ್ಲಿ ಯಾರೋ ಹಸಿಮೆಣಸು ಅರೆದಂತಾಯಿತು. ಎರಡೇ ವಾರಕ್ಕೆ! ಮೂಗಿನ ಮೇಲೆ ಕಲೆ, ಕಿವಿ ಸೊಟ್ಟ, ಒಂದು ಕೆಲಸಕ್ಕೆ ಬಾರದ ಪ್ರಾಣಿ. ಕೂತಲ್ಲೇ ಕೂತು ತಿಂದುಕೊಂಡಿದ್ದಕ್ಕೆ 'ಒಳ್ಳೆಯವಳು' ಎನ್ನಿಸಿಕೊಂಡಿತು. ನಾನು ಒಂಬತ್ತು ತಿಂಗಳಿಂದ ಹಾಲು ಕಾಯಿಸಿ, ಬಟ್ಟೆ ಮಡಚಿ, ಪೆನ್ಸಿಲ್ ಚೂಪು ಮಾಡಿ...

ಸಿಟ್ಟು ಇವರ ಮೇಲೆ ತೀರಿತು. "ನಿಮ್ಮ ಮನೇಲಿ ಮೊಲಕ್ಕೆ ಸಿಕ್ಕೋ ಜಾಗ ನನಗೆ ಸಿಗಲಿಲ್ಲ!"

ಇವರು ಗಾಬರಿಯಾಗಿ ಸುತ್ತ ನೋಡಿದರು. "ಜಾಗನಾ? ಕಪಾಟಿನ ವಿಷಯನಾ? ಇನ್ನೊಂದು ತರಿಸೋಣ ಬಿಡು, ದೊಡ್ಡದು."

ಕಪಾಟು! ಅದರಲ್ಲಿ ಇನ್ನೂ ಅವಳ ಬಟ್ಟೆಗಳೇ ಇವೆ, ನನ್ನವು ಸೂಟ್‌ಕೇಸಿನಲ್ಲಿ. ಅದೂ ನಿಜವೇ. ಆದರೆ ನಾನು ಹೇಳಿದ್ದು ಕಪಾಟಿನ ಮಾತೇ? ಲಿಫ್ಟಿನೊಳಗೆ ಸಿಕ್ಕಿಕೊಂಡವರ ಕೂಗು ಇವರಿಗೆ ಹತ್ತು ಮಹಡಿಯಾಚೆಯಿಂದ ಕೇಳಿಸುತ್ತದೆ. ನನ್ನದು ಕೇಳಿಸುವುದಿಲ್ಲ.

ಫೆಬ್ರವರಿ ೨೩, ಭಾನುವಾರ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯುತ್ತೇನೆ.

ಚಿಕ್ಕಮ್ಮ ಬರುವಳೆಂದು ಗೊತ್ತಿತ್ತು. ತರಕಾರಿ ತರುತ್ತೇನೆಂದು ಚೀಲ ಹಿಡಿದು ಹೊರಟೆ. ಬೇಕಾದದ್ದು ಒಂದು ಕಟ್ಟು ಸೊಪ್ಪು. ಅದಕ್ಕೆ ಇಡೀ ಪೇಟೆ ಸುತ್ತಿದೆ. ಆ ಮುಖ ನೋಡುವುದು ತಪ್ಪಲಿ ಎಂದು.

ಬಂದಾಗ ಮೆಟ್ಟಿಲಿಗೇ ಕಿರುಚಾಟ ಕೇಳಿಸಿತು. ಓಡಿದೆ. ಹುಡುಗಿಯ ಕೋಣೆಯಲ್ಲಿ, ಬೂದನ ರಾಜ್ಯದಲ್ಲಿ, ಎರಡು ಮೊಲಗಳೂ ಒಂದೇ ಉಂಡೆಯಾಗಿ ಉರುಳಾಡುತ್ತಿದ್ದವು. ಇವರು ಪೊರಕೆ ಹಿಡಿದು ನಿಂತಿದ್ದರು. ಚಿಕ್ಕಮ್ಮ ಗೋಡೆಗೆ ಅಂಟಿಕೊಂಡಿದ್ದಳು. ಹುಡುಗಿ ಸ್ನಾನಕ್ಕೆ ಹೋಗಿದ್ದಾಗ, ಪಾಪ, ಇಷ್ಟು ಚೆನ್ನಾಗಿರೋವನ್ನ ಯಾಕೆ ಬೇರೆ ಬೇರೆ ಇಟ್ಟಿದ್ದಾರೆ ಎಂದು ಆಕೆ ಎರಡೂ ಗೂಡಿನ ಬಾಗಿಲು ತೆಗೆದುಬಿಟ್ಟಳಂತೆ.

ನಾನು ಬಕೆಟ್ಟಿನಲ್ಲಿದ್ದ ನೀರು ಎರಚಿ, ಟವೆಲ್ ಎಸೆದು, ಹೊಸಬಳನ್ನು ಎತ್ತಿಕೊಂಡೆ. ಜೋಲು ಕಿವಿ ಸೀಳಿಹೋಗಿತ್ತು. ನನ್ನ ರವಿಕೆಯವರೆಗೂ ರಕ್ತ.

ಹುಡುಗಿ ಒದ್ದೆ ತಲೆಯಲ್ಲಿ ನಿಂತು ನನ್ನ ಮೇಲೆ ಕೂಗಿದಳು. "ಎಲ್ಲಿಗೆ ಹೋಗಿದ್ದೆ ನೀನು? ಚಿಕ್ಕಮ್ಮಂಗೆ ಇದೆಲ್ಲ ಗೊತ್ತಾಗಲ್ಲ! ನಿನಗೆ ತಾನೇ ಗೊತ್ತಿರೋದು! ನೀನು ಯಾಕೆ ಮನೇಲಿರಲಿಲ್ಲ?"

ತಪ್ಪು ಮಾಡಿದವಳು ಅವಳ ಚಿಕ್ಕಮ್ಮ, ಬೈಸಿಕೊಂಡವಳು ನಾನು! ಅದೂ ಏಕವಚನದಲ್ಲಿ. ಇಷ್ಟು ದಿನ ನೀವು, ಬನ್ನಿ ಎನ್ನುತ್ತಿದ್ದವಳು ಎಲ್ಲರ ಎದುರು 'ನೀನು' ಎಂದಳು. ವೈದ್ಯೆಯ ಹತ್ತಿರ ಹೋಗುವ ದಾರಿಯುದ್ದಕ್ಕೂ ಅದೇ. "ಬೇಗ ನಡಿ", "ಗಟ್ಟಿಯಾಗಿ ಹಿಡ್ಕೊ". ಕಲಿಸಿದ ಮರ್ಯಾದೆಯೆಲ್ಲ ಎಲ್ಲಿ ಹೋಯಿತೋ. ತಿದ್ದುವ ಹೊತ್ತು ಅದಲ್ಲವೆಂದು ಸುಮ್ಮನಿದ್ದೆ.

ಒಳಗೆ ಹೊಲಿಗೆ ಹಾಕುವಾಗ ಹುಡುಗಿ ಅಲ್ಲೇ ಇರುತ್ತೇನೆಂದು ಹಟ ಮಾಡಿದಳು, ಇವರು ಅವಳ ಜೊತೆ ನಿಂತರು. ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಚಿಕ್ಕಮ್ಮ. ಈ ದಿನಕ್ಕಾಗಿಯೇ ನಾನು ಎಷ್ಟು ಮಾತು ಸಾಣೆ ಹಿಡಿದು ಇಟ್ಟುಕೊಂಡಿದ್ದೆ! ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಹೇಳಿದಳು.

"ನಮ್ಮಕ್ಕ ಇದ್ದಿದ್ರೆ ನನ್ನನ್ನ ಮೊಲದ ಹತ್ತಿರಕ್ಕೂ ಸೇರಿಸ್ತಿರಲಿಲ್ಲ. ನಾನು ಚಿಕ್ಕಂದಿನಿಂದ ಹೀಗೇ. ಏನು ಮುಟ್ಟಿದ್ರೂ ಕೆಡಿಸ್ತೀನಿ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿಮ್ಮ ಅಡಿಗೆಮನೆಗೆ ಬಂದು ಡಬ್ಬಿ ಹುಡುಕ್ತೀನಲ್ಲ, ನಿಮಗೆ ಬೇಜಾರು ಅಂತ ಗೊತ್ತು. ಅಕ್ಕ ಇಟ್ಟಿದ್ದ ಜಾಗದಲ್ಲಿ ಒಂದಾದ್ರೂ ಡಬ್ಬಿ ಸಿಗುತ್ತಾ ಅಂತ ನೋಡ್ತೀನಿ. ನನಗೆ ಅವಳದ್ದು ಅಂತ ಬೇರೇನೂ ಉಳಿದಿಲ್ಲ."

ಕೈಚೀಲದಲ್ಲಿದ್ದ ನೀರಿನ ಬಾಟಲಿ ಕೊಟ್ಟೆ. ಕುಡಿದಳು.

ಸಿಟ್ಟೇನೂ ಹೋಗಿಲ್ಲ. ಇಷ್ಟು ಸುಲಭಕ್ಕೆ ಹೋಗುವುದೂ ಇಲ್ಲ.

ಫೆಬ್ರವರಿ ೨೭, ಗುರುವಾರ

ಕಿವಿಗೆ ಐದು ಹೊಲಿಗೆ. ನರ್ಸಮ್ಮ ಫೋನಿನಲ್ಲಿ ಚೆನ್ನಾಗಿ ಉಗಿದು, "ಗಾಯ ಒಣಗಲಿ, ಮತ್ತೆ ಮೊದಲಿಂದ ಶುರು ಮಾಡಿ. ಒಂದ್ಸಲ ಸೋತ್ರೆ ಮುಗೀತು ಅಂತೇನಿಲ್ಲ," ಅಂದರು.

ಬೂದ ಗೂಡಿನ ಸರಳಿಗೆ ಮೂಗು ಒತ್ತಿ ಅವಳ ಕಡೆಯೇ ನೋಡುತ್ತಾನೆ. ಮಾಡುವುದೆಲ್ಲ ಮಾಡಿ ಈಗ ನೋಡುವುದು. ಗಂಡಸರು.

ಹುಡುಗಿ ಕೇಳಿದಳು. "ಇವಳಿಗೊಂದು ಹೆಸರು ಬೇಡ್ವಾ? ಎಷ್ಟು ದಿನ ಹೊಸಬಳು ಹೊಸಬಳು ಅಂತ ಕರೆಯೋದು?"

"ನೀನೇ ಇಡು. ನಿನ್ನ ಮೊಲ."

"ನೀನು ತಂದಿದ್ದಲ್ವಾ? ನೀನಿಡು."

ನನಗೆ ಹೆಸರಿಟ್ಟು ಅಭ್ಯಾಸವಿಲ್ಲ. ಬಹಳ ಯೋಚಿಸಿ ಜೋಲಿ ಅಂದೆ, ಕಿವಿ ಜೋಲು ಬಿದ್ದದ್ದಕ್ಕೆ. ತೊಟ್ಟಿಲಿಗೂ ಜೋಲಿ ಅಂತಾರೆ ಎಂದು ಇವರು ಪೇಪರಿನ ಹಿಂದಿನಿಂದ ಹೇಳಿದರು. ಹುಡುಗಿಗೆ ಇಷ್ಟವಾಯಿತು.

ಏಕವಚನ ಇನ್ನೂ ಬಿಟ್ಟಿಲ್ಲ. ತಿದ್ದಬೇಕು ಎಂದುಕೊಳ್ಳುತ್ತೇನೆ, ಮರೆತುಹೋಗುತ್ತದೆ.

ಮಾರ್ಚ್ ೧೪, ಶುಕ್ರವಾರ

ಬಚ್ಚಲುಮನೆಯಲ್ಲಿ ಜೋಲಿ ಬೂದನ ಬೆನ್ನಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹುಡುಗಿಗೆ, ನಮ್ಮ ಚಿನ್ನಿಗೆ, ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ, ಎಲ್ಲಿ ಎಚ್ಚರವಾಗಿಬಿಡುತ್ತವೋ ಎಂದು. ನನಗೂ ಸ್ನಾನವಿಲ್ಲ, ಇವರಿಗೂ ಇಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತು ಕಪಾಟು ಖಾಲಿ ಮಾಡಿದೆವು. ಚಿಕ್ಕಮ್ಮನನ್ನು ಕರೆಸಿದ್ದು ನಾನೇ. ನಾನೊಬ್ಬಳೇ ತೆಗೆದರೆ ಮಾತು ಬರುತ್ತದೆ ಎಂದು. ಆಕೆ ಒಂದೊಂದನ್ನೂ ಮೂಸಿ ಮೂಸಿ ಮಡಚಿಟ್ಟಳು. ನಾನು ಆಚೆ ನೋಡುತ್ತಿದ್ದೆ.

"ಏನು ಬೇಕೋ ತಗೊಳ್ಳಿ," ಎಂದು ಮೊದಲೇ ಹೇಳಿದ್ದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ಒಂದು ನೀಲಿ ಉಣ್ಣೆ ಶಾಲು ಬಂತು. ಆಕೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು.

"ಅದು ಬೇಡ," ಅಂದೆ.

"ಯಾಕೆ?"

"ಚಿನ್ನಿಗೆ ಬೇಕಾಗುತ್ತೆ. ಈಗ ಅಲ್ಲ, ದೊಡ್ಡವಳಾದ ಮೇಲೆ. ಅವಳಮ್ಮನ ಶಾಲು ಅಂತ ಹೊದ್ದುಕೊಳ್ಳೋಕೆ ಒಂದಾದ್ರೂ ಇರಬೇಕು."

ಆಕೆಗೆ ಅದರ ಮೇಲೆ ಬಹಳ ಆಸೆಯಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ನಾನು ಕೊಡಲಿಲ್ಲ. ಹುಳ ಹಿಡಿಯದ ಹಾಗೆ ಕಾಗದ ಸುತ್ತಿ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ಅಷ್ಟಾಗಿ ನನ್ನ ಬಟ್ಟೆಗಳಿಗೆ ಎರಡೇ ಅರೆ ಸಿಕ್ಕಿದವು. ಸಾಕು, ನನಗೇನು ಅಷ್ಟು ಬಟ್ಟೆಯಿ‌ದೆ?

ಮೊಲಗಳಿಗೆ ಈಗ ಒಂದೇ ಗೂಡು.

ಏಪ್ರಿಲ್ ೧೨, ಶನಿವಾರ

ಶಾಲೆಗೆ ರಜೆ. ಚಿನ್ನಿ ಚಿಕ್ಕಮ್ಮನ ಮನೆಗೆ ಹೋದಳು, ಹತ್ತು ದಿನಕ್ಕೆ. ಬೂದ, ಜೋಲಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೇ ಪಾಠ ಹೇಳಿಕೊಟ್ಟು ಹೋದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೈ ಬೀಸಿದಳು. ಚಿಕ್ಕಮ್ಮನ ಕೈ ಅವಳ ಹೆಗಲ ಮೇಲಿತ್ತು. ಅಷ್ಟು ಬಿಗಿಯಾಗಿ ಯಾಕೆ ಹಿಡಿಯಬೇಕಿತ್ತೋ. ಮಗು ಕಿಟಕಿಯಿಂದ ಹಾರಿಹೋಗುತ್ತದೆಯೇ?

ಏಪ್ರಿಲ್ ೧೫, ಮಂಗಳವಾರ

ಚಿಕ್ಕಮ್ಮ ಫೋಟೋ ಕಳಿಸಿದ್ದಾಳೆ. ಚಿನ್ನಿಗೆ ಎರಡು ಜಡೆ ಹಾಕಿ, ಕಿವಿಯ ಮೇಲೆ ಸುತ್ತಿ ಕಟ್ಟಿದ್ದಾಳೆ. ಅವಳ ಅಗಲ ಮುಖಕ್ಕೆ ಅದು ಒಪ್ಪುವುದೇ? ಹಣೆಯ ಕೂದಲು ಎಷ್ಟು ಬಿಗಿ ಎಳೆದಿದ್ದಾಳೆಂದರೆ ಹುಬ್ಬೇ ಮೇಲೆ ಹೋಗಿದೆ. ಮಗು ಸಂಕೋಚಕ್ಕೆ ನಗುತ್ತಿದೆ. ಅದು ಅವಳ ನಿಜವಾದ ನಗು ಅಲ್ಲ, ನನಗೆ ಗೊತ್ತಿಲ್ಲವೇ, ನಿಜವಾಗಿ ನಕ್ಕರೆ ಎಡಗಡೆಯ ಕೋರೆಹಲ್ಲು ಕಾಣಬೇಕು.

"ಖುಷಿಯಾಗಿದ್ದಾಳೆ ಬಿಡೇ," ಅಂದರು ಇವರು.

"ಇರಲಿ. ಇಲ್ಲಿ ಇದ್ದಾಗ ಅಳ್ತಿದ್ದಳಾ?"

ಲ್ಯಾಬಿನಲ್ಲಿ ಕೆಲಸ ಕಡಿಮೆ. ಸಂಜೆ ಬೇಗ ಬಂದರೂ ಮಾಡಲು ಏನೂ ಇಲ್ಲ. ಜೋಲಿ ಚೆನ್ನಾಗಿ ತಿನ್ನುತ್ತಿದ್ದಾಳೆ, ಬೂದನೂ ತಿನ್ನುತ್ತಿದ್ದಾನೆ. ಒಂದರ ಮೈಗೊಂದು ಒರಗಿ ಕುಳಿತಿರುತ್ತವೆ. ನಾನು ಕರೆದರೆ ತಿರುಗಿಯೂ ನೋಡುವುದಿಲ್ಲ.

ಜೋಲಿಗೆ ಮೈ ಸರಿಯಿಲ್ಲ ಎಂದು ಒಂದು ಫೋನು ಮಾಡಿದರೆ ನಾಳೆಯೇ ಬಂದುಬಿಡುತ್ತಾಳೆ. ಆದರೆ ಎಂಥ ಮಾತು! ನಾಲ್ಕು ದಿನ ಇರಲಿ. ಆಕೆಗಾದರೂ ಯಾರಿದ್ದಾರೆ.

ಏಪ್ರಿಲ್ ೧೭, ಗುರುವಾರ

ಮಧ್ಯಾಹ್ನ ಲ್ಯಾಬಿಗೆ ಫೋನು ಬಂತು. ಕೈತುಂಬ ಹಲ್ಲಿನ ಅಚ್ಚಿನ ಪ್ಲಾಸ್ಟರ್. ಮೊಣಕೈಯಲ್ಲಿ ಒತ್ತಿ ಎತ್ತಿಕೊಂಡೆ. ಚಿನ್ನಿ. ಪಿಸುಮಾತು.

"ಕೇಳು. ಜೋಲಿ ಸರಿಯಾಗಿ ತಿಂತಿದಾಳಾ?"

"ತಿಂತಿದಾಳೆ. ಒಂದು ಕಟ್ಟು ಸೊಪ್ಪು ಮುಗಿಸಿದಳು ಬೆಳಿಗ್ಗೆ."

"ಅಯ್ಯೋ." ದನಿ ಇನ್ನೂ ತಗ್ಗಿತು. "ತಿಂತಿಲ್ಲ ಅಂತ ಚಿಕ್ಕಮ್ಮಂಗೆ ಹೇಳ್ತೀಯಾ? ನನಗೆ ಮನೆಗೆ ಬರಬೇಕು. ಸುಮ್ಮನೆ ಹೋಗ್ತೀನಿ ಅಂದ್ರೆ ಚಿಕ್ಕಮ್ಮ ಅಳ್ತಾರೆ."

ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ ಪಕ್ಕದ ಮೇಜಿನವರಿಗೂ ಕೇಳಿಸಿರಬೇಕು. "ಕೊಡು ಫೋನು," ಅಂದೆ.

ಚಿಕ್ಕಮ್ಮ ಬಂದಳು. ನಾನು ಒಳ್ಳೆಯ ದನಿ ಮಾಡಿ, "ಜೋಲಿ ಯಾಕೋ ಸರಿಯಾಗಿ ತಿಂತಿಲ್ಲ," ಎಂದು ಶುರು ಮಾಡಿದೆ.

ಆಕೆ ಮಾತು ಮುಗಿಸಲು ಬಿಡಲಿಲ್ಲ. "ಕಿವಿ... ಆ ಕಿವಿ ಗಾಯನಾ? ನನ್ನಿಂದ ಆದದ್ದಾ?"

ಇಷ್ಟು ದಿನವಾದರೂ ಆಕೆ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ.

"ಇಲ್ಲ ಇಲ್ಲ," ಅಂದೆ. "ಗಾಯ ಎಂದೋ ವಾಸಿಯಾಯ್ತು. ಜೋಲಿ ಚೆನ್ನಾಗಿದಾಳೆ, ನನಗಿಂತ ಜಾಸ್ತಿ ತಿಂತಾಳೆ. ನಾನು ಸುಳ್ಳು ಹೇಳಿದೆ. ಮಗೂಗೆ ಮನೆ ನೆನಪಾಗಿದೆ, ನಿಮ್ಮ ಹತ್ತಿರ ಹೇಳೋಕೆ ಸಂಕೋಚ ಅದಕ್ಕೆ." ಕೈಯ ಮೇಲಿನ ಪ್ಲಾಸ್ಟರ್ ಗಟ್ಟಿಯಾಗತೊಡಗಿತ್ತು. "ನೀವೂ ಬನ್ನಿ ಅವಳ ಜೊತೆ. ರಜೆ ಮುಗಿಯೋವರೆಗೂ ಇಲ್ಲೇ ಇರಿ."

ಬಾಯಿಂದ ಬಂದೇಬಿಟ್ಟಿತು. ವಾಪಸು ನುಂಗುವ ಹಾಗಿರಲಿಲ್ಲ.

"ಬರಲಾ?" ಅಂದಳು. ಚಿಕ್ಕ ಹುಡುಗಿಯ ಹಾಗೆ.

ನಾಳೆ ಹನ್ನೊಂದರ ಬಸ್ಸಿಗೆ ಬರುತ್ತಾರೆ, ಇಬ್ಬರೂ. ಇನ್ನೊಂದು ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಬಂದ ಕೂಡಲೇ ಮೊದಲು ಆ ಎರಡು ಜಡೆ ಬಿಚ್ಚಿಹಾಕಬೇಕು. ಪಾಪ, ಮಗುವಿಗೆ ತಲೆ ಎಷ್ಟು ನೋಯುತ್ತಿದೆಯೋ.